ಬಚ್ಚಲ ಗೂಡು

ಶಿವಮೂರ್ತಪ್ಪನವರು ತೀರಿಕೊಂಡ ಬೆಳಿಗ್ಗೆ ತಾಳಗುಂದದಲ್ಲಿ ಎಂಥ ಮಂಜು ಸುರಿದಿತ್ತೆಂದರೆ, ಸುದ್ದಿ ಕೇಳಿ ಬಂದವರು ಅಂಗಳದಲ್ಲಿ ಒಣಗಲು ಹರವಿದ್ದ ಮೆಕ್ಕೆಜೋಳವನ್ನು ಕಾಣದೆ ಅದರ ಮೇಲೆಯೇ ನಡೆದುಕೊಂಡು ಬಂದರು. ಮೊದಲು ಕಾಲಡಿಯಲ್ಲಿ ಕಾಳು ಜಾರುವ ಸದ್ದು ಕೇಳಿಸುತ್ತಿತ್ತು, ಆಮೇಲೆ ಮನುಷ್ಯರು ಕಾಣಿಸುತ್ತಿದ್ದರು. ಮದುವೆಯ ಗೋಜಿಗೆ ಹೋಗದೆ ತಮ್ಮನ ಮನೆಯಲ್ಲೇ ಮುದುಕರಾದ ಮನುಷ್ಯ, ನಾಲ್ಕು ದಿನ ಜ್ವರದ ಮಂಪರಿನಲ್ಲಿ ಮಲಗಿ ಹಾಗೆಯೇ ಹೋಗಿಬಿಟ್ಟಿದ್ದರು. ತಮ್ಮ ಪರಮಶಿವಪ್ಪನವರು, ಅವರೂ ಎಪ್ಪತ್ತು ದಾಟಿದವರೇ, ಬಂದವರಿಗೆಲ್ಲ ಕೈಮುಗಿಯುತ್ತಾ ಜಗುಲಿಯ ಕಂಬಕ್ಕೆ ಒರಗಿ ನಿಂತಿದ್ದರು.

ಈ ಕಥೆಯಲ್ಲಿ ಕಳ್ಳರಿಲ್ಲ. ಅದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಎಲ್ಲರೂ ಕಳ್ಳರನ್ನೇ ಹುಡುಕುತ್ತಾರೆ.

ಹೆಣಕ್ಕೆ ನೀರು ಹಾಕುವಾಗ ಪಂಚೆಯ ಮರೆಯೊಳಗೆ ಇದ್ದವರು ಇಬ್ಬರೇ, ಪರಮಶಿವಪ್ಪನವರು ಮತ್ತು ಮಠದ ಅಯ್ಯನವರು. ಅಂಗಿ ಬಿಚ್ಚಿದರೆ ಅಣ್ಣನ ಕೊರಳು ಬರಿದಾಗಿತ್ತು. ಲಿಂಗವಿಲ್ಲ, ಅದನ್ನಿಡುವ ಬೆಳ್ಳಿಯ ಕರಡಿಗೆಯಿಲ್ಲ, ದಾರವೂ ಇಲ್ಲ. ಲಿಂಗ ಕಟ್ಟಿಕೊಂಡವನು ಸತ್ತರೆ ಆ ಲಿಂಗವನ್ನು ಅವನ ಅಂಗೈಯಲ್ಲಿಟ್ಟೇ ಮಣ್ಣು ಮಾಡಬೇಕು. ಕೈ ಬರಿದಾಗಿ ಹೋದವನನ್ನು ಊರು ಏನೆಂದು ಕರೆಯುತ್ತದೆ ಎಂಬುದು ಪರಮಶಿವಪ್ಪನವರಿಗೆ ಗೊತ್ತಿತ್ತು. ಅಯ್ಯನವರು ಆಚೆ ಮುಖ ಮಾಡಿಕೊಂಡು ವಿಭೂತಿ ಕಲಸುತ್ತಿದ್ದರು. ಅವರು ಈಚೆ ತಿರುಗುವಷ್ಟರಲ್ಲಿ ಪರಮಶಿವಪ್ಪನವರು ತಮ್ಮ ಕೊರಳಿನ ಕರಡಿಗೆಯನ್ನು ತೆಗೆದು ಅಣ್ಣನ ಕೊರಳಿಗೆ ಹಾಕಿಬಿಟ್ಟರು. ಅಣ್ಣತಮ್ಮಂದಿರಿಬ್ಬರ ಕರಡಿಗೆಗಳನ್ನೂ ಅವರಪ್ಪ ಶಿಕಾರಿಪುರದ ಒಬ್ಬನೇ ಅಕ್ಕಸಾಲಿಗನ ಹತ್ತಿರ ಮಾಡಿಸಿದ್ದರು. ಪಕ್ಕಪಕ್ಕದಲ್ಲಿಟ್ಟರೆ ಮಾಡಿದವನಿಗೂ ಗುರುತು ಹತ್ತುತ್ತಿರಲಿಲ್ಲ. ಅಯ್ಯನವರು ತಿರುಗಿ, ಹೆಣದ ಕೊರಳಿನಿಂದ ಕರಡಿಗೆ ಬಿಚ್ಚಿ, ಲಿಂಗವನ್ನು ಅಂಗೈಯಲ್ಲಿಟ್ಟು ಬಟ್ಟೆ ಸುತ್ತಿದರು. ಖಾಲಿ ಕರಡಿಗೆಯನ್ನು ಮನೆಯವರ ಕೈಗೆ ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿಯಿತು.

ಮಣ್ಣು ಮಾಡಿ ಬಂದವರು ಕೆರೆಯಲ್ಲಿ ಸ್ನಾನ ಮುಗಿಸಿ ಊಟಕ್ಕೆ ಕೂತಾಗ ಪರಮಶಿವಪ್ಪನವರ ಹೆಂಡತಿ ಸರ್ವಮಂಗಳಮ್ಮನ ಕಣ್ಣು ಗಂಡನ ಎದೆಯ ಮೇಲೆ ಬಿತ್ತು.

“ಏನ್ರಿ, ಕೊರಳು ಬರಿದೈತಲ್ಲ. ಲಿಂಗ ಎಲ್ಲಿ?”

ಐವತ್ತು ವರ್ಷದ ಸಂಸಾರದಲ್ಲಿ ಹೆಂಡತಿಗೆ ಸುಳ್ಳು ಹೇಳಿ ರೂಢಿಯಿಲ್ಲದ ಮನುಷ್ಯ. ಬಾಯಿಗೆ ಬಂದದ್ದನ್ನು ಹೇಳಿದರು.

“ಬೆಳಿಗ್ಗೆ ಬಚ್ಚಲ ಗೂಡಿನಾಗೆ ಇಟ್ಟಿದ್ದೆ. ಕಾಣ್ತಿಲ್ಲ.”

ಇಲಿ ಎಳೆದಿರಬೇಕು ಎನ್ನುತ್ತಾರೆ, ನೀರಿನ ಜೊತೆ ಹೋಗಿರಬೇಕು ಎನ್ನುತ್ತಾರೆ, ಎರಡು ದಿನ ಹುಡುಕಿ ಸುಮ್ಮನಾಗುತ್ತಾರೆ ಎಂದು ಅವರ ಎಣಿಕೆ. ಮನೆಯವರು ಇಲಿಯ ಬಿಲವನ್ನೂ ನೋಡಿದರು, ಬಚ್ಚಲ ಗುಂಡಿಯ ಕೆಸರನ್ನೂ ಜರಡಿ ಹಿಡಿದರು. ಆಮೇಲೆ, ಅವತ್ತು ಬಚ್ಚಲಿಗೆ ಯಾರು ಯಾರು ಹೋಗಿದ್ದರು ಎಂಬ ಮಾತೆದ್ದಿತು.

ಹೋಗಿದ್ದವರು ನಾಲ್ವರು. ಸರ್ವಮಂಗಳಮ್ಮ, ಹಿರಿಯ ಸೊಸೆ ಜಗದಾಂಬ, ಸೌದೆ ತಂದು ಹಾಕಿದ ಆಳು ಹುಲಿಯಪ್ಪ, ಮತ್ತು ಬೆಳಗಿನಿಂದ ಹಂಡೆಯ ಒಲೆಯ ಮುಂದೆಯೇ ಕೂತಿದ್ದ ಕಿರಿಯ ಸೊಸೆ ಗಂಗಾಶ್ರೀ. ಇವರಲ್ಲಿ ಹುಲಿಯಪ್ಪ ಎರಡು ಸಲ ತೆಂಗಿನಕಾಯಿ ಸಮೇತ, ಒಂದು ಸಲ ಪಂಪ್‌ಸೆಟ್ಟಿನ ಹಿತ್ತಾಳೆ ಸಾಮಾನಿನ ಸಮೇತ ಸಿಕ್ಕಿಬಿದ್ದವನು. ಊರಿಗೆಲ್ಲ ಗೊತ್ತಿದ್ದ ವಿಷಯ, ಅವನೆದುರಿಗೇ ಹೇಳಿಕೊಂಡು ನಗುತ್ತಿದ್ದರು. ಆದರೆ ಹುಲಿಯಪ್ಪ ಎಣ್ಣೆ ಹಚ್ಚಿ ಬೈತಲೆ ತೆಗೆದು ಹಣೆಗೆ ವಿಭೂತಿ ಬಳಿದುಕೊಂಡು ಎಲ್ಲರ ಹಾಗೇ ಇದ್ದ. ಅವನ ಹೆಸರನ್ನು ಯಾರೂ ಎತ್ತಲಿಲ್ಲ.

ಗಂಗಾಶ್ರೀ ಎಲ್ಲರ ಹಾಗಿರಲಿಲ್ಲ. ಗಂಡನಿರುವ ಇಪ್ಪತ್ತಾರು ವರ್ಷದ ಹೆಂಗಸು, ತಲೆಗೂದಲು ಮಾತ್ರ ಕಿವಿಯ ಮೇಲಕ್ಕೇ ಮುಗಿದುಹೋಗಿತ್ತು. ಎರಡು ವರ್ಷದ ಹಿಂದೆ ಒಂದು ತಿಂಗಳು ಜ್ವರದಲ್ಲಿ ಮಲಗಿದ್ದಾಗ, ಎಣ್ಣೆ ಬಾಚಣಿಗೆ ಕಾಣದೆ ಅವಳ ಕೂದಲು ಕುತ್ತಿಗೆಯ ಹಿಂದೆ ಗಂಟುಗಟ್ಟಿ ಹಗ್ಗದಷ್ಟು ದಪ್ಪ ಜಡೆಗಟ್ಟಿತು. ಸೊರಬದ ಕಡೆಯ ಹುಡುಗಿ, ಚಂದ್ರಗುತ್ತಿಯ ಅಮ್ಮನೇ ಜಡೆಯಾಗಿ ಬೆನ್ನು ಹತ್ತಿ ಬಂದಿದ್ದಾಳೆ ಎಂದು ಊರಿನ ಹೆಂಗಸರು ಅರಿಶಿನ ಕುಂಕುಮ ಹಿಡಿದುಕೊಂಡು ಬಂದರು. ಲಿಂಗ ಕಟ್ಟಿದ ಮನೆಯಾದರೇನು, ಬಂದ ಅಮ್ಮನನ್ನು ಬೇಡ ಎನ್ನುವ ಧೈರ್ಯ ಸರ್ವಮಂಗಳಮ್ಮನಿಗಿರಲಿಲ್ಲ. ಮಂಗಳವಾರ, ಶುಕ್ರವಾರ ಸೊಸೆಯನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿ ಜಡೆಗೆ ಆರತಿ ಎತ್ತುತ್ತಿದ್ದರು. ಎಂಟು ತಿಂಗಳು ಎಲ್ಲರೂ ಗಂಗಾಶ್ರೀಯ ಬೆನ್ನಿಗೆ ಕೈಮುಗಿದರು. ಅವಳ ಮುಖ ನೋಡಿದವರು ಕಡಿಮೆ. ತಲೆ ಭಾರ, ಹೇನು, ಮಗ್ಗುಲು ಬದಲಿಸಲಾಗದ ನಿದ್ದೆ. ಕಡೆಗೊಂದು ದಿನ ಸೊರಬದ ತವರಿಗೆ ಹೋದವಳು ದರ್ಜಿಯ ಕತ್ತರಿ ತೆಗೆದುಕೊಂಡು ತಾನೇ ಕತ್ತರಿಸಿ, ದಂಡಾವತಿ ಹೊಳೆಗೆ ಬಿಟ್ಟು ಬಂದಳು. ಉದ್ದ ಬಿಟ್ಟರೆ ಮತ್ತೆ ಗಂಟುಗಟ್ಟುತ್ತದೆಂದು ಆಮೇಲೂ ತಿಂಗಳಿಗೊಮ್ಮೆ ಕನ್ನಡಿ ಮುಂದೆ ಕೂತು ತಾನೇ ಕತ್ತರಿಸಿಕೊಳ್ಳುತ್ತಿದ್ದಳು. ಅಲ್ಲಲ್ಲಿ ಏರುಪೇರಾಗಿ ಮುಂದಲೆಯ ಕೂದಲು ಸೆಟೆದು ನಿಲ್ಲುತ್ತಿತ್ತು.

ಅವಳು ಹಾಗೆ ಬಂದಿಳಿದ ದಿನ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ಶಿವಮೂರ್ತಪ್ಪನವರೊಬ್ಬರೇ ರೊಟ್ಟಿ ಮುರಿಯುತ್ತಾ ಅವಳನ್ನು ನೋಡಿ, “ಈಗ ನಿನ್ನ ಮುಖ ಕಾಣಂಗಾತು ನೋಡವ್ವ,” ಎಂದಿದ್ದರು. ಈಗ ಅವರೇ ಇರಲಿಲ್ಲ.

“ಅಮ್ಮನ ಜಡೆಗೇ ಕತ್ತರಿ ಹಾಕಿದೋಳು ಅತ್ತೆ. ಲಿಂಗಕ್ಕೆ ಹೆದರ್ತಾಳಾ?” ಎಂದು ಜಗದಾಂಬ ಅಡುಗೆಮನೆಯಲ್ಲಿ ಬದನೆಕಾಯಿ ಹೆಚ್ಚುತ್ತಾ ಹೇಳಿದಳು. ಕೆಟ್ಟ ಹೆಂಗಸಲ್ಲ, ಓರಗಿತ್ತಿಗೆ ಜ್ವರ ಬಂದಾಗ ಗಂಜಿ ಕಾಯಿಸಿ ಕುಡಿಸಿದವಳೇ. ಆದರೆ ಆ ತಲೆ ಕಂಡಾಗೆಲ್ಲ ಅವಳಿಗೆ ಮೈ ಜುಮ್ಮೆನ್ನುತ್ತಿತ್ತು. ಆ ಜುಮ್ಮೆನ್ನುವುದಕ್ಕೆ ಇಷ್ಟು ದಿನ ಒಂದು ಕಾರಣ ಸಿಕ್ಕಿರಲಿಲ್ಲ, ಈಗ ಸಿಕ್ಕಿತು.

ಗಂಗಾಶ್ರೀಯನ್ನು ಕರೆದು ಕೇಳಿದರು. ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

“ಗೂಡಲ್ಲಿ ಸೀಗೆಪುಡಿ ಡಬ್ಬಿ ಬಿಟ್ರೆ ಎಂತದೂ ಇರ್ಲಿಲ್ಲ ಅತ್ತೆ. ನಾನು ಅಲ್ಲೇ ಕೂತಿದ್ದೆನಲ್ಲ.”

ಮನೆಯಲ್ಲಿ ಇದಕ್ಕಿಂತ ಸತ್ಯವಾದ ಮಾತನ್ನು ಆ ದಿನ ಯಾರೂ ಆಡಿರಲಿಲ್ಲ. ಆದರೆ ಮಾವ ಗೂಡಿನಲ್ಲಿ ಇಟ್ಟೆ ಎನ್ನುತ್ತಾರೆ, ಸೊಸೆ ಗೂಡಿನಲ್ಲಿ ಇರಲೇ ಇಲ್ಲ ಎನ್ನುತ್ತಾಳೆ. ಬಿಳಿ ಪಂಚೆ ಉಟ್ಟು ಹಣೆ ತುಂಬ ವಿಭೂತಿ ಹಚ್ಚಿದ ಮನುಷ್ಯ ಒಂದು ಕಡೆ, ಕಟ್ಟೆ ಹುಡುಗನ ಹಾಗೆ ತಲೆ ಕತ್ತರಿಸಿಕೊಂಡವಳು ಇನ್ನೊಂದು ಕಡೆ. ಯಾರನ್ನು ನಂಬಬೇಕೆಂದು ಮನೆಯವರು ಬಹಳ ಹೊತ್ತು ಯೋಚಿಸಲಿಲ್ಲ. ಪರಮಶಿವಪ್ಪನವರು ಆಗಲೇ ಬಾಯಿ ಬಿಡಬಹುದಿತ್ತು. ಅಣ್ಣನನ್ನು ಮಣ್ಣಿಗಿಟ್ಟು ಇನ್ನೂ ಒಂದು ದಿನವಾಗಿರಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡರು.

ಮಾರನೆಯ ದಿನ ಅಯ್ಯನವರು ಮಠದಿಂದ ಹೊಸ ಲಿಂಗ ತಂದು ಕಟ್ಟಿ, ಇನ್ನು ಊಟ ಮಾಡಬಹುದು ಎಂದರು. ಪರಮಶಿವಪ್ಪನವರು ಒಪ್ಪಲಿಲ್ಲ. ತಮ್ಮದು ಸಿಗುವ ತನಕ ಅನ್ನ, ರೊಟ್ಟಿ ಎರಡೂ ಬೇಡ, ಹಾಲು ಹಣ್ಣು ಸಾಕು ಎಂದುಬಿಟ್ಟರು. ಅದು ಸಿಗುವುದಿಲ್ಲವೆಂದು ಗೊತ್ತಿದ್ದೇ ಹೇಳಿದ ಮಾತು. ಆಡಿದ ಸುಳ್ಳಿಗೆ ತಾವೇ ಹಾಕಿಕೊಂಡ ಶಿಕ್ಷೆ ಅದು. ಆದರೆ ಆ ಶಿಕ್ಷೆಯ ಏಟು ಯಾರ ಬೆನ್ನಿಗೆ ಬೀಳುತ್ತದೆಂದು ಅವರಿಗೆ ಹೊಳೆಯಲಿಲ್ಲ. ಅಂದಿನಿಂದ ಮನೆಯಲ್ಲಿ ಪ್ರತಿ ಊಟಕ್ಕೆ ತಟ್ಟೆ ಇಡುವಾಗಲೂ ಒಂದು ತಟ್ಟೆ ಕಡಿಮೆ. ಪ್ರತಿ ಸಲವೂ ಸರ್ವಮಂಗಳಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಕಿರಿಯ ಸೊಸೆಯ ಕಡೆ ನೋಡುತ್ತಿದ್ದರು.

ಗಂಗಾಶ್ರೀಯನ್ನು ಮೊದಲು ದೇವರಕೋಣೆಗೆ ಬೇಡ ಎಂದರು, ಆಮೇಲೆ ಅಡುಗೆಮನೆಗೂ ಬೇಡ ಎಂದರು. ಮಾವ ಕುಡಿಯುವ ಹಾಲನ್ನು ಅವಳು ಮುಟ್ಟಕೂಡದೆಂದು ಎಮ್ಮೆ ಕರೆಯುವ ಕೆಲಸ ಜಗದಾಂಬನಿಗೆ ಬಂತು. ಎಮ್ಮೆಗೆ ಈ ವಿಚಾರ ಯಾರೂ ತಿಳಿಸಿರಲಿಲ್ಲ. ಅದು ಗಂಗಾಶ್ರೀಯ ಕೈಗೆ ಒಗ್ಗಿದ ಎಮ್ಮೆ. ಜಗದಾಂಬ ಕೂತರೆ ಕಾಲು ಎತ್ತಿಡುತ್ತಿತ್ತು, ಹಾಲನ್ನು ಮೇಲಕ್ಕೆಳೆದುಕೊಳ್ಳುತ್ತಿತ್ತು. ಮೂರು ದಿನ ಒದೆಸಿಕೊಂಡ ಮೇಲೆ ಒಂದು ದಾರಿ ಹುಡುಕಿದರು. ಗಂಗಾಶ್ರೀ ಕರೆಯುವುದು, ಚೆಂಬನ್ನು ಕೊಟ್ಟಿಗೆಯ ಹೊಸ್ತಿಲ ಮೇಲಿಡುವುದು, ಅಲ್ಲಿಂದ ಜಗದಾಂಬ ಎತ್ತಿಕೊಂಡು ಒಳಗೆ ಹೋಗುವುದು. ಆರು ಹೆಜ್ಜೆ ನಡೆದರೆ ಹಾಲು ಜಗದಾಂಬನದಾಗುತ್ತಿತ್ತು.

ಗಂಡ ಮಹಾಂತೇಶ ಊರಿನ ಹಿಟ್ಟಿನ ಗಿರಣಿ ನೋಡಿಕೊಳ್ಳುತ್ತಿದ್ದ. ಅಪ್ಪನ ಎದುರು ದನಿ ಎತ್ತದವನು, ಹೆಂಡತಿಯ ಎದುರೂ ಎತ್ತದವನು. ಬುತ್ತಿ ಕೊಡಲು ಹೋದ ಗಂಗಾಶ್ರೀಗೆ ಅವನು ಬೆಳ್ಳಗಿನ ಹಿಟ್ಟಿನ ಧೂಳಿನಲ್ಲಿ, ಹುಬ್ಬೂ ರೆಪ್ಪೆಯೂ ಬಿಳಿಯಾಗಿ, ಕನಸಿನಲ್ಲಿ ಕಾಣುವ ಯಾರೋ ಮುದುಕನ ಹಾಗೆ ಕಂಡ.

“ಸ್ವಲ್ಪ ದಿನ ತಲೆ ಮ್ಯಾಲೆ ಸೆರಗು ಹಾಕ್ಕೋ ಗಂಗಾ.”

“ಸೆರಗು ಹಾಕಿದ್ರೆ ಕಳ್ಳಿ ಅಲ್ಲ ಅಂತಾರಾ?”

“ಅಷ್ಟು ಕಾಣಲ್ಲ ಅಂದೆ.”

“ಎಂತದು ಕಾಣಲ್ಲ? ಕಳ್ಳತನವಾ, ಕೂದಲಾ?”

ಅವನು ಬುತ್ತಿಯ ಗಂಟು ಬಿಚ್ಚತೊಡಗಿದ. ಅವಳನ್ನು ಕಂಡರೆ ಅವನಿಗೆ ಪ್ರೀತಿಯೇ. ಆದರೆ ಪ್ರೀತಿಯಿದ್ದವರೆಲ್ಲ ಬಾಯಿ ಬಿಟ್ಟು ಮಾತಾಡುವ ಹಾಗಿದ್ದರೆ ಎಷ್ಟೋ ಮನೆಗಳ ಕಥೆ ಬೇರೆಯಾಗುತ್ತಿತ್ತು.

ಮೂರನೆಯ ವಾರದ ಹೊತ್ತಿಗೆ ಪರಮಶಿವಪ್ಪನವರ ಮೈ ಹಗುರವಾಗತೊಡಗಿತು. ಜಗುಲಿಯ ಮೇಲೆ ಕೂತರೆ ಕೂತದ್ದು ಗೊತ್ತಾಗುತ್ತಿರಲಿಲ್ಲ. ಅಂಗಳದ ಮೆಕ್ಕೆಜೋಳದ ಹಳದಿ ಬಿಸಿಲಿನ ಜೊತೆ ಎದ್ದು ಗೋಡೆಯ ಮೇಲೆಲ್ಲ ಹರಡಿಕೊಳ್ಳುತ್ತಿತ್ತು. ಗಿರಣಿಯ ಟುಕುಟುಕು ಸದ್ದು ಎಲ್ಲೋ ನೀರಿನೊಳಗಿಂದ ಬಂದಂತೆ ಕೇಳಿಸುತ್ತಿತ್ತು. ಹೆಂಡತಿ ಎದುರಿಗೇ ನಿಂತು ಬಾಳೆಹಣ್ಣು ಸುಲಿದು ಕೊಟ್ಟರೂ ಅವಳ ಮಾತು ಕೆರೆಯ ಆಚೆ ದಂಡೆಯಿಂದ ಬರುವಂತೆ ತಡವಾಗಿ ತಲುಪುತ್ತಿತ್ತು. ಜಗುಲಿಯ ಇನ್ನೊಂದು ತುದಿಯಲ್ಲಿ ಅಣ್ಣ ಕೂತು ಅಡಿಕೆ ಕತ್ತರಿಸುತ್ತಿದ್ದಾನೆ ಎನಿಸುತ್ತಿತ್ತು. ಅತ್ತ ತಿರುಗಿದರೆ ಯಾರೂ ಇರುತ್ತಿರಲಿಲ್ಲ, ಸದ್ದು ಮಾತ್ರ ಇರುತ್ತಿತ್ತು. ಎಲ್ಲಿ ಬಿಟ್ಟೆ ಅಣ್ಣಾ ನಿನ್ನ ಲಿಂಗ, ಎಂದು ಅವರು ಮನಸ್ಸಿನಲ್ಲೇ ಕೇಳುತ್ತಿದ್ದರು. ಅಣ್ಣನ ಟ್ರಂಕು, ಹಾಸಿಗೆ, ಕೋಟಿನ ಜೇಬುಗಳನ್ನು ಅವರು ಯಾರಿಗೂ ಕಾಣದಂತೆ ಎರಡೆರಡು ಸಲ ತಡಕಿ ನೋಡಿದ್ದರು.

ಗಂಗಾಶ್ರೀ ಅಂಗಳದಲ್ಲಿ ಕಾಳು ತಿರುವಿಹಾಕುತ್ತಾ ಅವರ ಕಣ್ಣ ಮುಂದೆಯೇ ಓಡಾಡುತ್ತಿದ್ದಳು. ಕರೆದು ಹೇಳಿಬಿಡೋಣವೆಂದು ಎರಡು ಸಲ ಬಾಯಿ ತೆರೆದರು. ಒಂದು ಸಲ ಕೆಮ್ಮು ಬಂತು. ಇನ್ನೊಂದು ಸಲ 'ಗಂಗಾ' ಎಂದರು, ಅವಳು 'ಎಂತ ಮಾವ' ಎಂದು ಓಡಿ ಬಂದಳು. ನೀರು ಕೊಡು ಎಂದು ಹೇಳಿ ಕಳಿಸಿದರು. ನೀರನ್ನು ಜಗದಾಂಬ ತಂದುಕೊಟ್ಟಳು.

ಡಿಸೆಂಬರಿನಲ್ಲಿ ಪಕ್ಕದ ಮನೆಯ ಕೆಂಪಪ್ಪ ಬಂದು ಕೂತ. ಊರಿನ ಯಾವ ಮನೆಯಲ್ಲಿ ಬಿರುಕು ಬಿಟ್ಟರೂ ಬೆರಳಿಟ್ಟು ನೋಡುವ ಮನುಷ್ಯ. ಹಿರಿಯರು ಹೀಗೆ ಒಣಗುತ್ತಾ ಕೂತರೆ ಊರಿಗೇ ಒಳ್ಳೆಯದಲ್ಲ ಎಂದ. ಪೊಲೀಸು ಗಿಲೀಸು ಎಂದರೆ ಮನೆಯ ಮಾನ ಹೋಗುತ್ತದೆ, ಅದಕ್ಕಿಂತ ಅವಳನ್ನು ಚಂದ್ರಗುತ್ತಿಗೆ ಕರೆದುಕೊಂಡು ಹೋಗಿ ಬೆಟ್ಟ ಹತ್ತಿಸಿ ಅಮ್ಮನ ಎದುರು ಆಣೆ ಮಾಡಿಸಿ, ಯಾರ ಜಡೆ ಕತ್ತರಿಸಿದಳೋ ಅವಳ ಮುಂದೆಯೇ ಹೇಳಲಿ ಎಂದ. ಸರ್ವಮಂಗಳಮ್ಮನಿಗೆ ಇದು ನ್ಯಾಯವಾಗಿ ಕಂಡಿತು. ಬಾಗಿಲ ಮರೆಯಲ್ಲಿ ನಿಂತಿದ್ದ ಗಂಗಾಶ್ರೀ ಈಚೆ ಬಂದಳು.

“ನಾನು ಆಣೆ ಮಾಡಲ್ಲ ಅತ್ತೆ. ಇವತ್ತು ಲಿಂಗಕ್ಕೆ ಮಾಡಿದ್ರೆ ನಾಳೆ ಉಪ್ಪಿನಕಾಯಿ ಕಮ್ಮಿ ಆದ್ರೂ ಬೆಟ್ಟ ಹತ್ತಬೇಕಾಗುತ್ತೆ.”

“ನೋಡಿದ್ರಾ,” ಎಂದ ಕೆಂಪಪ್ಪ, “ಆಣೆ ಅಂದ ಕೂಡ್ಲೆ ಹೆಂಗೆ ಬಂತು ಮಾತು.”

ಮಾಡುತ್ತೇನೆ ಎಂದಿದ್ದರೆ ಎಂಥ ಗಟ್ಟಿಗಿತ್ತಿ ಎನ್ನುತ್ತಿದ್ದರು, ಆ ಮಾತು ಬೇರೆ. ಅಂದು ಮನೆಯಲ್ಲಿ ತೀರ್ಮಾನವಾಯಿತು: ಗಂಗಾಶ್ರೀ ತವರಿಗೆ ಹೋಗಲಿ, ಕೂದಲು ಬೆಳೆದು ನೆಟ್ಟಗೆ ಮನುಷ್ಯರ ಹಾಗಾದ ಮೇಲೆ ಬರುವ ವಿಚಾರ ನೋಡೋಣ. ಲಿಂಗಕ್ಕೂ ಕೂದಲಿಗೂ ಏನು ಸಂಬಂಧವೆಂದು ಯಾರೂ ಕೇಳಲಿಲ್ಲ. ಹೋದವಳು ಮತ್ತೆ ಬರುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು, ಗಂಗಾಶ್ರೀಗೂ.

ಹೊರಟ ಬೆಳಿಗ್ಗೆ ಮತ್ತೆ ಮಂಜು. ಮಹಾಂತೇಶ ಅವಳನ್ನು ಬಸ್ಸು ಹತ್ತಿಸಿ ಬರಲು ಚೀಲ ಹಿಡಿದು ಮುಂದೆ ಹೋಗಿದ್ದ. ಪರಮಶಿವಪ್ಪನವರು ಜಗುಲಿಯಿಂದ ಎದ್ದು, ಗೂಟಕ್ಕೆ ತೂಗುಹಾಕಿದ್ದ ಅಣ್ಣನ ಕಪ್ಪು ಉಣ್ಣೆಯ ಕೋಟನ್ನು ತೆಗೆದು ಸೊಸೆಯ ಕೈಗೆ ಕೊಟ್ಟರು.

“ಚಳಿ ಐತೆ. ಹಾಕ್ಕೋ.”

ಹೇಳಬೇಕಾಗಿದ್ದುದು ಅದಲ್ಲ. ಆದರೆ ಕೈಗೆ ಸಿಕ್ಕಿದ್ದು ಕೋಟು, ಬಾಯಿಗೆ ಬಂದದ್ದು ಚಳಿ. ಅವಳು ಬಗ್ಗಿ ಅವರ ಕಾಲು ಮುಟ್ಟಿ ಹೊರಟಳು. ಸೀರೆಯ ಮೇಲೆ ಗಂಡಸರ ಕೋಟು, ಅದರ ಮೇಲೆ ಕತ್ತರಿಸಿದ ತಲೆ. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸುವಾಗ ಕಂಡಕ್ಟರ್ “ಏ ತಮ್ಮಾ, ಒಳಗೆ ಹೋಗು,” ಎಂದು ಬೆನ್ನು ತಟ್ಟಿ, ಸೀರೆ ಕಂಡು ನಾಚಿಕೊಂಡು ಟಿಕೆಟ್ಟಿನ ಕಡೆ ನೋಡಿದ. ಪಕ್ಕದಲ್ಲಿ ಕೂತ ಅಜ್ಜಿ, ನೀನು ನಾಟಕದವಳಾ ಎಂದು ಕೇಳಿದಳು. ಗಂಗಾಶ್ರೀ ಹೌದು ಎಂದಳು. ಕಿಟಕಿಯಾಚೆ ಮಂಜಿನಲ್ಲಿ ಮರಗಳು ಒಂದೊಂದಾಗಿ ಬಂದು ಮುಖ ತೋರಿಸಿ ಹೋಗುತ್ತಿದ್ದವು. ಬಸ್ಸು ಕುಲುಕಿದಾಗೆಲ್ಲ ಕೋಟಿನ ಅಂಚಿನಲ್ಲಿ ಏನೋ ಒಂದು ಗಟ್ಟಿಯಾದದ್ದು ಮೊಣಕಾಲಿಗೆ ಬಡಿಯುತ್ತಿತ್ತು. ದೊಡ್ಡ ಮಾವನ ಸುಣ್ಣದ ಡಬ್ಬಿ ಇರಬೇಕೆಂದುಕೊಂಡಳು.

ಅದು ಏನೆಂದು ಗೊತ್ತಾದದ್ದು ಮರುವಾರ, ಸೊರಬದಲ್ಲಿ. ತಾಯಿ ವರದಮ್ಮ ಹರಿದ ಒಳಜೇಬು ಹೊಲಿಯಲು ಕೋಟನ್ನು ತೊಡೆಯ ಮೇಲೆ ಹಾಕಿಕೊಂಡು ಅಸ್ತರಿನೊಳಗೆ ಕೈ ಹಾಕಿದಳು. ಹೊರಬಂದದ್ದು ದಾರ ಸುತ್ತಿದ ಬೆಳ್ಳಿಯ ಕರಡಿಗೆ. ಜ್ವರ ಬಂದ ದಿನವೇ ಶಿವಮೂರ್ತಪ್ಪನವರು ಎದೆಯ ಫೋಟೋ ತೆಗೆಸಲು ಶಿಕಾರಿಪುರಕ್ಕೆ ಹೋದಾಗ, ಆಸ್ಪತ್ರೆಯವರು ಮೈಮೇಲಿನ ಲೋಹವನ್ನೆಲ್ಲ ತೆಗೆಯಿರಿ ಎಂದಿದ್ದರು. ಅವರು ಅದನ್ನು ಬಿಚ್ಚಿ ಒಳಜೇಬಿಗೆ ಹಾಕಿಕೊಂಡಿದ್ದರು. ಹರಿದ ಜೇಬಿನಿಂದ ಅದು ಅಸ್ತರಿಗೆ ಇಳಿಯಿತು, ಜ್ವರದಿಂದ ಅವರು ಹಾಸಿಗೆಗೆ ಇಳಿದರು. ಇದು ತಾಯಿಮಗಳಿಗೆ ಗೊತ್ತಿರಲಿಲ್ಲ. ಸಾವಿನ ಮನೆಯ ಗಡಿಬಿಡಿಯಲ್ಲಿ ಮಾವನೇ ತಮ್ಮದನ್ನು ಅಣ್ಣನ ಕೋಟಿಗೆ ಹಾಕಿ ಮರೆತಿದ್ದಾರೆ ಎಂದು ಗಂಗಾಶ್ರೀ ತಿಳಿದಳು.

ವರದಮ್ಮ ಎದ್ದು ಬಾಗಿಲು ಹಾಕಿದಳು.

“ಹೊಳೆಗೆ ಹಾಕು. ಯಾರಿಗೂ ಗೊತ್ತಾಗದು ಬೇಡ.”

“ಮಾವ ಅನ್ನ ಬಿಟ್ಟಿದಾರೆ ಅಮ್ಮ.”

“ಬಿಟ್ಟಿದ್ರೆ ಅವರ ಹೊಟ್ಟೆ. ನೀನು ಇದನ್ನ ತಗೊಂಡು ಹೋದ್ರೆ ನಾನೇ ಕದ್ದೆ ಅಂತ ಬರೆದು ಕೊಟ್ಟ ಹಾಗೆ.”

“ಹೋಗದಿದ್ರೂ ಅಂತಾರೆ.”

“ಅನ್ನೋದು ಬೇರೆ ಮಗಾ. ಕೈಯಲ್ಲಿ ಕಾಣೋದು ಬೇರೆ.”

ವರದಮ್ಮ ಹೇಳಿದ್ದು ಸರಿ ಎಂದು ಗಂಗಾಶ್ರೀಗೂ ಗೊತ್ತಿತ್ತು. ಎರಡು ದಿನ ಕರಡಿಗೆಯನ್ನು ಅಕ್ಕಿಯ ಡಬ್ಬದಲ್ಲಿಟ್ಟುಕೊಂಡು ಕೂತಳು. ಅನ್ನಕ್ಕೆ ಅಕ್ಕಿ ತೆಗೆಯಲು ಹೋದಾಗೆಲ್ಲ ಅದು ಬೆರಳಿಗೆ ತಾಗುತ್ತಿತ್ತು, ಜಗುಲಿಯ ಮೇಲೆ ಬಾಳೆಹಣ್ಣು ಹಿಡಿದು ಕೂತ ಮುದುಕ ಕಣ್ಣ ಮುಂದೆ ಬರುತ್ತಿದ್ದರು. ಮೂರನೆಯ ದಿನ ಕೋಟು ಹಾಕಿಕೊಂಡು ಬಸ್ಸು ಹತ್ತಿದಳು. ತಾಯಿ ಬಸ್ ಸ್ಟ್ಯಾಂಡಿಗೆ ಬರಲಿಲ್ಲ.

ತಾಳಗುಂದ ಮುಟ್ಟಿದಾಗ ಊಟದ ಹೊತ್ತು. ಸಂಕ್ರಾಂತಿ ಹತ್ತಿರವಾಗಿತ್ತು, ಒಳಗಿನಿಂದ ಅವರೆಕಾಳು ಸಾರಿನ ವಾಸನೆ ಬರುತ್ತಿತ್ತು. ಕೆಂಪಪ್ಪನೂ ಅಲ್ಲೇ ಕೂತಿದ್ದ. ಗಂಗಾಶ್ರೀ ಕೋಟಿನ ಅಸ್ತರಿನಲ್ಲಿ ಸಿಕ್ಕಿತು ಎಂದು ಹೇಳಿ ಕರಡಿಗೆಯನ್ನು ಮಾವನ ಮುಂದಿಟ್ಟಳು.

ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟ ಹಾಗಾಯಿತು. ಜಗದಾಂಬ ಕೂಡ ಬೈಯಲಿಲ್ಲ. ಅಸ್ತರಿನೊಳಗೆ ಹೊಲಿದು ಇಟ್ಟುಕೊಂಡಿದ್ದಳು, ಮನಸ್ಸು ಒಪ್ಪದೆ ತಂದುಕೊಟ್ಟಳು, ಇಷ್ಟರಮಟ್ಟಿಗೆ ಒಳ್ಳೆಯವಳೇ ಎಂದು ಮೆಲ್ಲಗೆ ಅತ್ತೆಗೆ ಹೇಳಿದಳು. ಸರ್ವಮಂಗಳಮ್ಮನ ಕಣ್ಣಲ್ಲಿ ನೀರು. ಓಡಿ ಹೋಗಿ ತಟ್ಟೆ ತಂದರು, ಬಿಸಿ ಅನ್ನ ಹಾಕಿ ಸಾರು ಸುರಿದರು.

“ಆದದ್ದು ಆತು. ಬಂತಲ್ಲ. ಒಂದು ತುತ್ತು ಉಣ್ರಿ.”

ಪರಮಶಿವಪ್ಪನವರು ಕರಡಿಗೆ ತೆರೆದು ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡರು. ಅರವತ್ತು ವರ್ಷ ದಿನಕ್ಕೆರಡು ಸಲ ಅಂಗೈಯಲ್ಲಿಟ್ಟುಕೊಂಡು ಕೂತವರಿಗೆ ತಮ್ಮದರ ತೂಕ ಗೊತ್ತಿರುತ್ತದೆ. ಇದು ತುಸು ಹೆಚ್ಚು ಭಾರ. ಅಣ್ಣನದು. ಸುಮ್ಮನೆ ಕೊರಳಿಗೆ ಹಾಕಿಕೊಂಡರೆ ಎಲ್ಲವೂ ಮುಗಿಯುತ್ತದೆ. ಅಣ್ಣನ ಮಾನ ಮಣ್ಣಿನಲ್ಲಿ ತಣ್ಣಗೆ ಇರುತ್ತದೆ, ಹೆಂಡತಿಯ ಕಣ್ಣೀರು ನಿಲ್ಲುತ್ತದೆ, ಸೊಸೆಯೂ ಮನೆಯಲ್ಲಿ ಇರುತ್ತಾಳೆ. ಸಾರಿನ ಬಿಸಿ ಹಬೆ ಮುಖಕ್ಕೆ ಬಡಿದು ಅವರ ತಲೆ ಸುತ್ತಿತು. ಅನ್ನ ಕಲಸಿ ತುತ್ತು ಎತ್ತಿದರು. ಕೋಟಿನ ಗುಂಡಿ ಹಿಡಿದುಕೊಂಡು ನಿಂತಿದ್ದ ಗಂಗಾಶ್ರೀ ಅವರು ಉಣ್ಣುತ್ತಾರೆಂಬ ಒಂದೇ ಸಂತೋಷದಲ್ಲಿ ನೋಡುತ್ತಿದ್ದಳು. ತುತ್ತು ತಟ್ಟೆಗೆ ವಾಪಸು ಬಿತ್ತು.

“ಇದು ನಂದಲ್ಲ. ಅಣ್ಣಂದು. ನಂದು ಅಣ್ಣನ ಕೈಯಾಗೈತೆ, ಮಣ್ಣಾಗೆ. ನಾನೇ ಹಾಕಿದ್ದು. ಗೂಡಿನಾಗೆ ಇಟ್ಟಿದ್ದೆ ಅಂದದ್ದು ಸುಳ್ಳು. ಗಂಗಾ ಏನೂ ತಗಂಡಿಲ್ಲ.”

ಇಷ್ಟು ಮಾತಾಡಿ ಅವರು ಬೆವತಿದ್ದರು. ಆಕಾಶ ಕಳಚಿ ಬೀಳುತ್ತದೆ ಎಂದುಕೊಂಡಿದ್ದರು. ಬೀಳಲಿಲ್ಲ. ಸರ್ವಮಂಗಳಮ್ಮ ಬಂದು ಗಂಡನ ಬೆನ್ನು ಸವರಿದರು.

“ಇಷ್ಟು ದಿನ ಹೊಟ್ಟೆಗೆ ಅನ್ನ ಇಲ್ಲ. ಏನೇನೋ ಅನಿಸ್ತೈತೆ. ಮೊದ್ಲು ಉಣ್ರಿ.”

ಕೆಂಪಪ್ಪ ಎದ್ದು ನಿಂತು ಕೈಮುಗಿದ. ಸೊಸೆಯ ತಪ್ಪನ್ನು ತಮ್ಮ ಮೈಮೇಲೆ ಹಾಕಿಕೊಳ್ಳುವ ಮಾವನನ್ನು ತಾನು ಕಂಡದ್ದು ಇದೇ ಮೊದಲು ಎಂದ. ಅಯ್ಯನವರನ್ನು ಕರೆಸಿದರು. ಅವರು ಕಂಡದ್ದನ್ನು ಕಂಡ ಹಾಗೆ ಹೇಳಿದರು: ಶಿವಮೂರ್ತಪ್ಪನವರ ಕೊರಳಿನಲ್ಲೇ ಕರಡಿಗೆ ಇತ್ತು, ಬಿಚ್ಚಿದ್ದು ತಾವೇ. ಪರಮಶಿವಪ್ಪನವರು ಎಷ್ಟು ಹೇಳಿದರೂ ಅಯ್ಯನವರು ನಗುತ್ತಾ, ಗಂಗಾಶ್ರೀ ತಂದ ಲಿಂಗವನ್ನೇ ಅವರಿಗೆ ಕಟ್ಟಿ ಹೋದರು. ಕಡೆಗೆ ಅವರು ಉಂಡರು. ಅನ್ನ ಬಹಳ ರುಚಿಯಾಗಿತ್ತು, ಅದಕ್ಕೇ ಅವರಿಗೆ ನಾಚಿಕೆಯಾಯಿತು.

ಅಂದು ಸಂಜೆ ಗಿರಣಿ ಮುಚ್ಚಿ ಬಂದ ಗಂಡನನ್ನು ಗಂಗಾಶ್ರೀ ಹಿತ್ತಲಿನಲ್ಲಿ ನಿಲ್ಲಿಸಿ, ಮಾವ ಹೇಳಿದ್ದನ್ನು ನಂಬುತ್ತೀರಾ ಎಂದು ಕೇಳಿದಳು. ಮಹಾಂತೇಶ ನಂಬುತ್ತೇನೆ ಎಂದ. ಅವಳ ಕಣ್ಣು ಅರಳುವಷ್ಟರಲ್ಲಿ ಮುಂದಿನ ಮಾತೂ ಬಂತು.

“ಅಪ್ಪ ಯಾವತ್ತೂ ಹಂಗೇ. ಮನೆ ಮಾನಕ್ಕೋಸ್ಕರ ಏನು ಬೇಕಾದ್ರೂ ತಮ್ಮ ಮ್ಯಾಲೆ ಹಾಕ್ಕಂತಾರೆ.”

ಪರಮಶಿವಪ್ಪನವರು ಸುಮ್ಮನಾಗಲಿಲ್ಲ. ಮಾರನೆಯ ದಿನದಿಂದ ಕೋಲು ಹಿಡಿದು ಮನೆಮನೆಗೆ ಹೋದರು. ಪ್ರತಿ ಮನೆಯಲ್ಲೂ ಚಾಪೆ ಹಾಸಿ ಕೂರಿಸಿದರು, ಮಜ್ಜಿಗೆ ಕೊಟ್ಟರು, ತಲೆಯಾಡಿಸುತ್ತಾ ಎಲ್ಲ ಕೇಳಿದರು, ದಣಿದಿದ್ದೀರಿ ಎಂದು ಅರ್ಧ ದಾರಿಯವರೆಗೆ ಜೊತೆಗೆ ಬಂದು ಬಿಟ್ಟರು. ಅವರು ಬೆನ್ನು ಹಾಕಿದ ಮೇಲೆ ಎಂಥ ದೊಡ್ಡ ಮನಸ್ಸು ಎಂದರು, ಅಂಥವರ ಮನೆಗೆ ಎಂಥವಳು ಬಂದಳಲ್ಲ ಎಂದರು. ಮೂರು ದಿನದಲ್ಲಿ ಊರಿನಲ್ಲಿ ಅವರ ಹೆಸರು ಹಿಂದೆಂದಿಗಿಂತ ಮೇಲೆ ಹೋಯಿತು. ಶಿವಮೂರ್ತಪ್ಪನವರ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ. ಯಾರ ಮಾನಕ್ಕೆ ಹೆದರಿ ಅಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದರೋ ಅದಕ್ಕೆ ಏನೂ ಆಗಲೇ ಇಲ್ಲ.

ಮನೆಯಲ್ಲಿ ಗಂಗಾಶ್ರೀ ಈಗ ಅಡುಗೆಮನೆಗೂ ಬರಬಹುದಿತ್ತು, ದೇವರಕೋಣೆಗೂ ಹೋಗಬಹುದಿತ್ತು. ಅತ್ತೆ ಮೆತ್ತಗೆ ಮಾತಾಡಿಸುತ್ತಿದ್ದರು. ಜಗದಾಂಬ ತನ್ನ ಪಾಲಿನ ಮೊಸರನ್ನೂ ಅವಳ ತಟ್ಟೆಗೆ ಹಾಕುತ್ತಿದ್ದಳು. ಎಲ್ಲರೂ ಅವಳನ್ನು ಕ್ಷಮಿಸಿದ್ದರು.

ನಾಲ್ಕನೆಯ ದಿನ ಮಧ್ಯಾಹ್ನ ಪರಮಶಿವಪ್ಪನವರು ಮತ್ತೆ ಹೊರಟರು. ಕೆರೆ ಹಿಂದಿನ ಕೇರಿಯ ಐದಾರು ಮನೆಗಳು ಉಳಿದಿದ್ದವು. ಹೊಸ್ತಿಲ ಮೇಲೆ ಕೂತು ಮೆಟ್ಟು ಹಾಕಿಕೊಳ್ಳುತ್ತಿದ್ದಾಗ ಗಂಗಾಶ್ರೀ ಬಂದು ಕಂಬದ ಪಕ್ಕ ನಿಂತಳು.

“ಸಾಕು ಮಾಡಿ ಮಾವ. ನೀವು ಹೇಳಿದಷ್ಟೂ ನಾನು ಕಳ್ಳಿ ಆಗ್ತಾ ಇದೀನಿ.”

ಅವರ ಕೈ ಅಲ್ಲೇ ನಿಂತಿತು. ಅಂಗಳದಲ್ಲಿ ಬಿಸಿಲು ಬಿದ್ದಿತ್ತು.

“ಮತ್ತೇನು ಮಾಡ್ಲವ್ವ ನಾನು?”

“ಎಂತದೂ ಬೇಡ. ನಾನು ತಗೊಂಡಿಲ್ಲ ಅಂತ ನಿಮಗೆ ಗೊತ್ತಲ್ಲ?”

“ಗೊತ್ತು.”

“ಹಂಗಾದ್ರೆ ಗೊತ್ತಿರೋರು ಇಬ್ರು ಆದ್ವಿ. ನೀವು ಇರೋ ತನಕ ಇಬ್ರು.”

ಪರಮಶಿವಪ್ಪನವರು ತಲೆಯೆತ್ತಿ ಅವಳ ಮುಖ ನೋಡಿದರು. ಅವಳು ಅಳುತ್ತಿರಲಿಲ್ಲ, ಸಿಟ್ಟಿನಲ್ಲೂ ಇರಲಿಲ್ಲ, ತನಗೆಷ್ಟು ವರ್ಷ, ಅವರಿಗೆಷ್ಟು ವರ್ಷ ಎಂದು ಸುಮ್ಮನೆ ಲೆಕ್ಕ ಹಾಕಿದವಳ ಹಾಗೆ ನಿಂತಿದ್ದಳು. ಅವರು ಒಂದು ಕಾಲಿಗೆ ಹಾಕಿದ ಮೆಟ್ಟನ್ನು ಬಿಚ್ಚಿಟ್ಟರು. ಒಳಗಿನಿಂದ ಜಗದಾಂಬ, ಸಾರು ಆರುತ್ತಿದೆ, ಇಬ್ಬರೂ ಬನ್ನಿ ಎಂದು ಊಟಕ್ಕೆ ಕರೆದಳು.